ಚಿತ್ರಚರಿತ್ರೆಗಳೂ ಸತ್ಯಾಣುವ್ರತವೂ

ಮಹಾವೀರ ಜಯಂತಿಯ ಭಾಷಣಸ್ಪರ್ಧೆಯಲ್ಲಿ ಗೆದ್ದ ಬಾಲಕನಿಗೆ, ದಶಲಕ್ಷಣ ಪರ್ವದಲ್ಲಿ ಸ್ತೋತ್ರವನ್ನು ತಪ್ಪಿಲ್ಲದೆ ಒಪ್ಪಿಸಿದ ಬಾಲಿಕೆಗೆ ಬಸದಿಯ ಆಡಳಿತ ಮಂಡಳಿಯವರು ಕೊಡುವ ಬಹುಮಾನಗಳಲ್ಲಿ ಮಹಾಪುರುಷರ ಸಚಿತ್ರ ಜೀವನಚರಿತ್ರೆಗೆ ಗೌರವದ ಸ್ಥಾನವುಂಟು. ಸ್ಟೀಲಿನ ಲೋಟಕ್ಕಿಂತ ಅದು ಮೇಲೆಂಬುದರಲ್ಲಿ ಸಂಶಯವಿಲ್ಲ. ಅನೇಕ ದಾನಿಗಳು ಇದನ್ನು ಶಾಸ್ತ್ರದಾನದ ಒಂದು ಅಂಗವೆಂದೇ ಭಾವಿಸುತ್ತಾರೆ. ಆ ಭಾವನೆ ನಿರಾಧಾರವಾದುದಲ್ಲ. ಆಗಮವನ್ನು ನಾಲ್ಕು ಅನುಯೋಗಗಳಾಗಿ ವಿಂಗಡಿಸಿದ ಆಚಾರ್ಯರು ಪುಣ್ಯಪುರುಷರ ಚರಿತೆಗಳಿಗೆ ಪ್ರಥಮಾನುಯೋಗವೆಂಬ ಹೆಸರಿತ್ತರು. ತತ್ತ್ವದ ಅರಮನೆಗೆ ಮಗು ಪ್ರವೇಶಿಸುವುದು ಕಥೆಯೆಂಬ ಹೆಬ್ಬಾಗಿಲಿನಿಂದಲೇ. ಆದರೆ ಹೆಬ್ಬಾಗಿಲಿನಲ್ಲಿಯೇ ಅಸತ್ಯವು ಕಾವಲು ನಿಂತಿದ್ದರೆ ಒಳಗೆ ಹೋದ ಮಗುವಿಗೆ ದೊರೆಯುವುದೇನು? ಮಗುವಿನ ಹಿತಕ್ಕಾಗಿ ಮಹಾಪುರುಷನ ಬಾಳನ್ನು ಎಷ್ಟರಮಟ್ಟಿಗೆ ತಿದ್ದಬಹುದು, ಯಾವುದನ್ನು ಬಿಡಬಹುದು, ಯಾವುದನ್ನು ಸೇರಿಸಬಹುದು ಎಂಬ ಪ್ರಶ್ನೆ ಸಾಹಿತ್ಯದ್ದು ಮಾತ್ರವಲ್ಲ. ಅದು ಸತ್ಯಾಣುವ್ರತಕ್ಕೆ ಸಂಬಂಧಪಟ್ಟುದು.

ಚಿತ್ರಗಳ ಮೂಲಕ ಚರಿತೆಯನ್ನು ಹೇಳುವ ಪದ್ಧತಿ ಜೈನರಿಗೆ ಹೊಸದಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿರುವ ಚಂದ್ರಗುಪ್ತ ಬಸದಿಯಲ್ಲಿ ದಾಸೋಜನೆಂಬ ಶಿಲ್ಪಿಯು ಕಲ್ಲಿನ ಜಾಲಂಧ್ರಗಳ ಸಣ್ಣ ಸಣ್ಣ ಚೌಕಗಳಲ್ಲಿ ಭದ್ರಬಾಹು ಸ್ವಾಮಿಗಳ ಮತ್ತು ಚಂದ್ರಗುಪ್ತನ ಕಥೆಯನ್ನು ಬಿಡಿಸಿದ್ದಾನೆ. ಅದು ಹನ್ನೆರಡನೆಯ ಶತಮಾನದ ಕೆಲಸ. ಬೆಟ್ಟದ ಕೆಳಗಿನ ಜೈನಮಠದ ಗೋಡೆಗಳ ಮೇಲೆ ತೀರ್ಥಂಕರರ ಚರಿತೆಗಳು ವರ್ಣಗಳಲ್ಲಿವೆ. ಮೂಡಬಿದಿರೆಯಲ್ಲಿ ರಕ್ಷಿತವಾಗಿರುವ ಧವಲಾ ತಾಳೆಗರಿಗಳಲ್ಲಿಯೂ ಚಿತ್ರಗಳಿವೆ. ಅಕ್ಷರ ಬಾರದವನೂ ಇವುಗಳಿಂದ ಕಥೆಯನ್ನು ಗ್ರಹಿಸಬಹುದಾಗಿತ್ತು.

ಅಚ್ಚಿನ ಕಾಲದಲ್ಲಿ ಈ ಕೆಲಸವನ್ನು ದೇಶವ್ಯಾಪಿಯಾಗಿ ಮಾಡಿದವರು ಅನಂತ ಪೈ. ಅವರು 1929ರಲ್ಲಿ ಹುಟ್ಟಿದ್ದು ಕಾರ್ಕಳದಲ್ಲಿ, 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಬಾಹುಬಲಿ ಬೆಟ್ಟದ ಮೇಲಿನಿಂದ ನೋಡುತ್ತಿರುವ ಊರಿನಲ್ಲಿ. ದೂರದರ್ಶನದ ಒಂದು ರಸಪ್ರಶ್ನೆಯಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ಶ್ರೀರಾಮನ ತಾಯಿಯ ಹೆಸರು ಹೇಳಲಾರದೆ ಹೋದುದನ್ನು ಕಂಡು ಅವರು ‘ಅಮರ ಚಿತ್ರಕಥೆ’ಯ ಸಂಕಲ್ಪ ಮಾಡಿದರೆಂಬುದು ಪ್ರಸಿದ್ಧವಾದ ಸಂಗತಿ. ಆ ಮಾಲೆ 1967ರಿಂದ ಬೆಳೆದು ಪುರಾಣ, ಇತಿಹಾಸ, ಸಂತಚರಿತೆಗಳನ್ನೆಲ್ಲ ಮೂವತ್ತೆರಡು ಪುಟಗಳ ಅಳತೆಗೆ ತಂದಿತು. ಕನ್ನಡದಲ್ಲಿ 1970ರ ದಶಕದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಹೊರತಂದ ‘ಭಾರತ-ಭಾರತಿ’ ಮಾಲೆಯ ಕಿರುಹೊತ್ತಗೆಗಳು ಪ್ರೊ. ಎಲ್. ಎಸ್. ಶೇಷಗಿರಿ ರಾಯರ ಸಂಪಾದಕತ್ವದಲ್ಲಿ ನೂರಾರು ಚರಿತೆಗಳನ್ನು ಮನೆಮನೆಗೆ ಮುಟ್ಟಿಸಿದವು. ಇವೆರಡರ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಇಂದು ಐವತ್ತು ಅರವತ್ತು ದಾಟಿದ ಅನೇಕರಿಗೆ ಇತಿಹಾಸವೆಂದರೆ ಮೊದಲು ನೆನಪಾಗುವುದು ಆ ಪುಟಗಳೇ. ಕಾಲೇಜಿನಲ್ಲಿ ಓದಿದ ದಪ್ಪ ಗ್ರಂಥಗಳಲ್ಲ.

ಅನಂತ ಪೈ ಅವರು ತಮ್ಮ ಕೆಲಸಕ್ಕೆ ಒಂದು ಹಳೆಯ ನೀತಿಯನ್ನು ಆಧಾರವಾಗಿ ಇಟ್ಟುಕೊಂಡಿದ್ದರು: ಸತ್ಯವನ್ನು ಹೇಳಬೇಕು, ಪ್ರಿಯವಾಗಿ ಹೇಳಬೇಕು, ಅಪ್ರಿಯವಾದ ಸತ್ಯವನ್ನು ಹೇಳಬಾರದು ಎಂಬ ನೀತಿ. ಮೇಲ್ನೋಟಕ್ಕೆ ಜೈನ ಆಚಾರಶಾಸ್ತ್ರವೂ ಇದನ್ನೇ ಹೇಳುವಂತೆ ತೋರುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತಿಯ ಲಕ್ಷಣವನ್ನು ನಿರೂಪಿಸುವಾಗ, ಸ್ಥೂಲವಾದ ಸುಳ್ಳನ್ನು ತಾನು ಆಡದಿರುವುದು, ಇತರರಿಂದ ಆಡಿಸದಿರುವುದು ಮಾತ್ರವಲ್ಲದೆ, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡದಿರುವುದು ಆ ವ್ರತದಲ್ಲಿ ಸೇರಿದೆ ಎನ್ನುತ್ತಾರೆ. ಆದರೆ ಅಪ್ರಿಯಕ್ಕೂ ವಿಪತ್ತಿಗೂ ಬಹಳ ಅಂತರವಿದೆ. ಬೇಡರಿಗೆ ಜಿಂಕೆ ಓಡಿದ ದಿಕ್ಕನ್ನು ತೋರಿಸುವುದು ವಿಪತ್ತಿನ ಸತ್ಯ. ಒಬ್ಬ ರಾಜನು ಯುದ್ಧದಲ್ಲಿ ಕೊಂದನೆಂದು ಹತ್ತು ವರ್ಷದ ಮಗುವಿಗೆ ತಿಳಿಸುವುದರಿಂದ ಯಾವ ಜೀವಕ್ಕೆ ವಿಪತ್ತು? ಅದು ಅಪ್ರಿಯವಾಗಬಹುದು; ಅದೂ ಬಹುಮಟ್ಟಿಗೆ ಮಗುವಿಗಲ್ಲ, ಪುಸ್ತಕ ಕೊಡಿಸುವ ಹಿರಿಯರಿಗೆ.

ಅಮೃತಚಂದ್ರ ಸೂರಿಗಳ ಪುರುಷಾರ್ಥಸಿದ್ಧ್ಯುಪಾಯವು ಅಸತ್ಯವನ್ನು ಇನ್ನೂ ಸೂಕ್ಷ್ಮವಾಗಿ ವಿಂಗಡಿಸುತ್ತದೆ. ಇರುವುದನ್ನು ಇಲ್ಲವೆನ್ನುವುದು ಮೊದಲನೆಯದು. ಇಲ್ಲದುದನ್ನು ಇದೆಯೆನ್ನುವುದು ಎರಡನೆಯದು. ಒಂದನ್ನು ಮತ್ತೊಂದೆನ್ನುವುದು, ಆಕಳನ್ನು ಕುದುರೆಯೆಂದಂತೆ, ಮೂರನೆಯದು. ನಿಂದ್ಯವಾದ, ಪಾಪಕ್ಕೆ ಪ್ರೇರಿಸುವ, ನೋಯಿಸುವ ಮಾತು ನಾಲ್ಕನೆಯದು. ಇವೆಲ್ಲಕ್ಕೂ ಮೂಲ ಪ್ರಮಾದಯೋಗ, ಎಂದರೆ ಕಷಾಯಕ್ಕೆ ವಶವಾದ ಮನೋವಾಕ್ಕಾಯಗಳ ಪ್ರವೃತ್ತಿ. ಬಾಲಚರಿತ್ರೆಗಳನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಒರೆಗಲ್ಲು ದೊರೆಯುವುದು ಕಷ್ಟ. ವಿಚಿತ್ರವೆಂದರೆ, ಪ್ರಕಾಶಕರೂ ಪೋಷಕರೂ ನಾಲ್ಕನೆಯದೊಂದನ್ನೇ ಅಸತ್ಯವೆಂದು ಹೆದರಿ, ಮೊದಲ ಮೂರನ್ನು ನಿಶ್ಚಿಂತೆಯಿಂದ ಮಾಡುತ್ತಾರೆ.

ಚಾವುಂಡರಾಯನ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಜೈನ ಮನೆಗಳ ಮಕ್ಕಳು ಅವನನ್ನು ಬಲ್ಲದ್ದು ಹೀಗೆ: ತಾಯಿಯ ಆಸೆಯನ್ನು ತೀರಿಸಲು ಹೊರಟ ಸುಪುತ್ರ, ಚಂದ್ರಗಿರಿಯಿಂದ ಬಾಣ ಬಿಟ್ಟು ಎದುರಿನ ಬೆಟ್ಟದಲ್ಲಿ ಗೊಮ್ಮಟನನ್ನು ಕಂಡ ಭಕ್ತ, ಐವತ್ತೆಂಟು ಅಡಿಯ ಮೂರ್ತಿಯನ್ನು ಕಡೆಯಿಸಿದ ಧರ್ಮಾತ್ಮ. ಇವುಗಳಲ್ಲಿ ಪರಂಪರೆಯ ಮಾತೂ ಇದೆ, ಇತಿಹಾಸದ ಮಾತೂ ಇದೆ. ಅವನು ಗಂಗರ ಮಾರಸಿಂಹ ಮತ್ತು ರಾಚಮಲ್ಲರ ಮಂತ್ರಿಯೂ ದಂಡನಾಯಕನೂ ಆಗಿದ್ದನೆಂಬುದನ್ನು ಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತವೆ. ಆದರೆ ಅವನ ಬಿರುದುಗಳ ಪಟ್ಟಿಯನ್ನು ನೋಡಿದರೆ ಸಮರಧುರಂಧರ, ವೀರಮಾರ್ತಂಡ, ರಣರಂಗಸಿಂಗ, ವೈರಿಕುಲಕಾಲದಂಡ ಎಂದು ಒಂದೊಂದೂ ಒಂದೊಂದು ಯುದ್ಧದ ಗುರುತು. ಸಮರಪರಶುರಾಮನೆಂಬ ಬಿರುದು ಬಂದದ್ದು ತನ್ನ ತಮ್ಮನಾದ ನಾಗವರ್ಮನನ್ನು ಕೊಂದವನನ್ನು ತಾನು ಕೊಂದುದಕ್ಕಾಗಿ. ಇದೇ ಪುರುಷನಿಗೆ, ಹಾಸ್ಯಕ್ಕೂ ಸುಳ್ಳಾಡದವನೆಂಬ ಕಾರಣದಿಂದ, ಸತ್ಯಯುಧಿಷ್ಠಿರನೆಂಬ ಬಿರುದೂ ಇತ್ತು. ಸತ್ಯಯುಧಿಷ್ಠಿರನ ಚರಿತ್ರೆಯನ್ನು ಅರ್ಧ ಮರೆಮಾಡಿ ಮಕ್ಕಳಿಗೆ ಹೇಳುವುದು ಎಂತಹ ವಿಪರ್ಯಾಸ!

ತಮ್ಮನ ಹತ್ಯೆಗೆ ಸೇಡು ತೀರಿಸಿಕೊಂಡ ಒಬ್ಬ ಮನುಷ್ಯನು, ಅಣ್ಣನ ಮೇಲೆ ಎತ್ತಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ರಾಜ್ಯವನ್ನೇ ಬಿಟ್ಟುಹೋದ ಬಾಹುಬಲಿಯನ್ನು ಕಲ್ಲಿನಲ್ಲಿ ನಿಲ್ಲಿಸಿದನು. ಅವನ ಮನಸ್ಸಿನಲ್ಲಿ ಈ ಎರಡೂ ಒಂದಕ್ಕೊಂದು ತಾಕಿದವೇ ಎಂಬುದಕ್ಕೆ ಶಾಸನದಲ್ಲಿ ಉತ್ತರವಿಲ್ಲ. ಅದನ್ನು ಲೇಖಕನು ಕಲ್ಪಿಸಿ ಬರೆಯಲೂ ಬಾರದು. ಆದರೆ ಎರಡು ಸಂಗತಿಗಳನ್ನೂ ಪಕ್ಕಪಕ್ಕದ ಪುಟಗಳಲ್ಲಿ ಇಟ್ಟರೆ ಮಗುವೇ ಪ್ರಶ್ನೆ ಕೇಳುತ್ತದೆ. ಖಡ್ಗವನ್ನು ಕಾಣದ ಮಗುವಿಗೆ, ಆ ಮೂರ್ತಿಯ ಬರಿಗೈಗಳಲ್ಲಿ ಕಾಣುವಂಥದು ಏನೂ ಉಳಿಯುವುದಿಲ್ಲ.

ಹೇಳದೆ ಬಿಡುವುದು ಇಲ್ಲವೆಂದು ಹೇಳಿದಂತಾಗುವುದೇ ಎಂದು ಕೆಲವರು ಆಕ್ಷೇಪಿಸಬಹುದು. ಮೂವತ್ತೆರಡು ಪುಟಗಳಲ್ಲಿ ಎಲ್ಲವೂ ಹಿಡಿಯುವುದಿಲ್ಲ. ಯಾವ ಚರಿತೆಯೂ ಬಿಡದೆ ಬರೆದುದಲ್ಲ. ಈ ಆಕ್ಷೇಪಣೆಗೆ ತೂಕವಿದೆ. ಮೌನವೆಲ್ಲ ಅಸತ್ಯವಾದರೆ ಮುನಿಗಳ ವಚನಗುಪ್ತಿಗೆ ಅರ್ಥವಿರದು. ಆದರೆ ಚಿತ್ರದ ವಿಷಯದಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಬರಹವು ಯುದ್ಧದ ಬಗ್ಗೆ ಸುಮ್ಮನಿದ್ದರೆ ಅದು ಮೌನ; ಚಿತ್ರಕಾರನು ದಂಡನಾಯಕನ ಕೈಗೆ ಪ್ರತಿ ಪುಟದಲ್ಲಿಯೂ ಹೂವಿನ ಬುಟ್ಟಿಯನ್ನೇ ಕೊಟ್ಟರೆ ಅದು ಮೌನವಲ್ಲ, ನಿಷೇಧ. ಚಿತ್ರದಲ್ಲಿ ಕೈ ಬರಿದಾಗಿರಬೇಕು, ಇಲ್ಲವೆ ಏನನ್ನಾದರೂ ಹಿಡಿದಿರಬೇಕು, ಮೂರನೆಯ ಗತಿಯಿಲ್ಲ.

ವಿಂಧ್ಯಗಿರಿಯ ಮೇಲೆಯೇ ಇದಕ್ಕೆ ಸಾಕ್ಷಿಯೊಂದು ಇದೆ. ತ್ಯಾಗದ ಬ್ರಹ್ಮದೇವರ ಕಂಬದ ಮೇಲೆ ಚಾವುಂಡರಾಯನು ತನ್ನ ಚರಿತೆಯನ್ನು ಕೊರೆಯಿಸಿದ್ದನು. ಬಹುಕಾಲದ ಮೇಲೆ ಹೆಗ್ಗಡೆ ಕಣ್ಣನೆಂಬವನು ಮೂರು ಮುಖಗಳ ಬರಹವನ್ನು ಅಳಿಸಿ, ತಾನು ಒಂದು ಯಕ್ಷನ ಮೂರ್ತಿಯನ್ನು ಮಾಡಿಸಿದ ಸಂಗತಿಯನ್ನು ಎರಡು ಮೂರು ಸಾಲುಗಳಲ್ಲಿ ಬರೆಯಿಸಿದನು. ಉಳಿದದ್ದು ಒಂದೇ ಮುಖ. ಅವನದು ದುರುದ್ದೇಶವೆಂದು ಹೇಳಲಾಗದು, ಪುಣ್ಯಕಾರ್ಯವೆಂದೇ ಮಾಡಿರಬೇಕು. ಪುಣ್ಯದ ಉತ್ಸಾಹದಲ್ಲಿ ಚರಿತ್ರೆಯನ್ನು ಅಳಿಸುವವರು ಆ ಹೆಗ್ಗಡೆಯೊಬ್ಬನೇ ಅಲ್ಲ.

ಜೈನೇತರ ವಸ್ತುವಿನಲ್ಲಿಯೂ ಇದೇ ಸಮಸ್ಯೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಅಶೋಕನ ಕಥೆಯಿಲ್ಲದ ಬಾಲಚರಿತ್ರೆಯ ಮಾಲೆಯೇ ಇಲ್ಲ. ಹೆಣಗಳ ನಡುವೆ ನಿಂತು ಕಣ್ಣೀರಿಡುವ ಚಕ್ರವರ್ತಿಯ ಚಿತ್ರ ಎಲ್ಲ ಮಕ್ಕಳ ಕಣ್ಣಿನಲ್ಲಿಯೂ ಇದೆ. ಅವನ ಹದಿಮೂರನೆಯ ಬಂಡೆಗಲ್ಲು ಶಾಸನದಲ್ಲಿ ಕಳಿಂಗದ ಲೆಕ್ಕವಿದೆ: ಸೆರೆ ಒಯ್ದವರು ಒಂದೂವರೆ ಲಕ್ಷ, ಹತರಾದವರು ಒಂದು ಲಕ್ಷ, ಅದರ ಹಲವು ಪಾಲು ಜನ ಬೇರೆ ರೀತಿಗಳಲ್ಲಿ ಸತ್ತರು. ಪಶ್ಚಾತ್ತಾಪದ ಮಾತು ಅಲ್ಲಿ ನಿಜವಾಗಿಯೂ ಇದೆ. ಲೋಕದ ರಾಜರಲ್ಲಿ ಅಂತಹ ಮಾತನ್ನು ಕಲ್ಲಿನಲ್ಲಿ ಬರೆಯಿಸಿದವರು ವಿರಳ. ಆದರೆ ಅದೇ ಶಾಸನದಲ್ಲಿ ಅಡವಿಯ ಜನರಿಗೆ ತನ್ನ ಬಲವನ್ನು ನೆನಪಿಸುವ ಎಚ್ಚರಿಕೆಯೂ ಇದೆ. ಒಯ್ದ ಒಂದೂವರೆ ಲಕ್ಷ ಜನರನ್ನು ಅವರವರ ಊರಿಗೆ ಕಳುಹಿಸಿದೆನೆಂಬ ಮಾತು ಇಲ್ಲ. ಎಲ್ಲಕ್ಕಿಂತ ವಿಚಾರಾರ್ಹವಾದದ್ದು ಮತ್ತೊಂದು: ಕಳಿಂಗದೊಳಗೇ ಇರುವ ಧೌಲಿ ಮತ್ತು ಜೌಗಡಗಳಲ್ಲಿ ಈ ಹದಿಮೂರನೆಯ ಶಾಸನವನ್ನು ಕೊರೆಯಿಸಿಲ್ಲ. ಅದರ ಬದಲಿಗೆ ಪ್ರಜೆಗಳೆಲ್ಲ ತನ್ನ ಮಕ್ಕಳೆನ್ನುವ ಭಾವದ ಎರಡು ಪ್ರತ್ಯೇಕ ಶಾಸನಗಳಿವೆ. (ಆ ಪ್ರತ್ಯೇಕ ಶಾಸನಗಳು ಕರ್ನಾಟಕದ ಸನ್ನತಿಯಲ್ಲಿಯೂ ದೊರೆತಿರುವುದು ವಿದ್ವಾಂಸರಿಗೆ ಆಶ್ಚರ್ಯವನ್ನು ತಂದ ಸಂಗತಿ.)

ಸೋತವರ ಕಣ್ಣೆದುರು ಅವರ ಸತ್ತವರ ಲೆಕ್ಕವನ್ನು ಬರೆಯದೆ ಇದ್ದುದು ಕರುಣೆಯೋ, ರಾಜನೀತಿಯೋ? ನೊಂದವನಿಗೆ ಮತ್ತೆ ನೋವಾಗದಿರಲೆಂದಿದ್ದರೆ ಅದು ಸಮಂತಭದ್ರರು ಹೇಳುವ ಸಂಯಮಕ್ಕೆ ಹತ್ತಿರವಾದೀತು; ದಂಗೆಯ ಭಯದಿಂದಿದ್ದರೆ ಅದೇ ಮೌನ ಪ್ರಮಾದಯೋಗವಾಗುತ್ತದೆ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಬಂಡೆ. ಇಂತಹ ಪ್ರಶ್ನೆ ಹನ್ನೆರಡು ವರ್ಷದ ಮಗುವಿಗೆ ಭಾರವೆಂದು ಹೇಳುವವರು ಆ ವಯಸ್ಸಿನ ಮಕ್ಕಳೊಡನೆ ಮಾತನಾಡಿರಲಿಕ್ಕಿಲ್ಲ. ‘ಕ್ಷಮಿಸು’ ಎಂದು ಬಾಯಲ್ಲಿ ಹೇಳಿ ಕಸಿದ ಆಟಿಕೆಯನ್ನು ಹಿಂದಿರುಗಿಸದ ಗೆಳೆಯನ ವಿಷಯ ಅವರಿಗೆ ಚೆನ್ನಾಗಿಯೇ ಗೊತ್ತು.

ಇಲ್ಲದುದನ್ನು ಇದೆಯೆನ್ನುವ ಎರಡನೆಯ ದೋಷ ಚಿತ್ರಚರಿತ್ರೆಯ ಮಟ್ಟಿಗೆ ತಪ್ಪಿಸಿಕೊಳ್ಳಲಾಗದ್ದು. ಚಾವುಂಡರಾಯನ ಮುಖ ಹೇಗಿತ್ತೆಂದು ಯಾರೂ ಅರಿಯರು. ಆದರೂ ಚಿತ್ರಕಾರನು ಒಂದು ಮೂಗನ್ನು ಬರೆಯಲೇಬೇಕು. ಇದನ್ನು ಸುಳ್ಳೆನ್ನುವುದು ಅತಿರೇಕ, ಏಕೆಂದರೆ ಇಲ್ಲಿ ಕಷಾಯವಿಲ್ಲ. ತನ್ನ ಪಂಥದ ಹಿರಿಮೆಯನ್ನು ಹೆಚ್ಚಿಸಲು ನಡೆಯದ ವಾದವಿಜಯವನ್ನು, ಬಾರದ ರಾಜನ ಶರಣಾಗತಿಯನ್ನು ಬರೆದರೆ ಮಾತ್ರ ಅದು ಮಾನಕಷಾಯದ ಫಲ. ತತ್ತ್ವಾರ್ಥಸೂತ್ರವು ಸತ್ಯವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವನ್ನೂ ಕೂಟಲೇಖವನ್ನೂ ಹೆಸರಿಸಿರುವುದು ಇಂತಹವರಿಗಾಗಿಯೇ ಎನ್ನಬೇಕು.

ಚಿತ್ರಕ್ಕೆ ಇದಕ್ಕಿಂತ ಗಂಭೀರವಾದ ಇನ್ನೊಂದು ಮಿತಿಯುಂಟು. ಚಿತ್ರದ ಭಾಷೆಯಲ್ಲಿ ‘ಸ್ಯಾತ್’ ಎಂಬ ಪದವಿಲ್ಲ. ಬರಹಗಾರನು ‘ಹೀಗೆಂದು ಪರಂಪರೆ ಹೇಳುತ್ತದೆ’, ‘ಒಂದು ಸಂಪ್ರದಾಯದ ಪ್ರಕಾರ’ ಎಂದು ಬರೆಯಬಲ್ಲ. ಕುಂಚವು ಹಾಗೆ ಹೇಳಲಾರದು. ಭಗವಾನ್ ಮಹಾವೀರರು ವಿವಾಹವಾಗಲಿಲ್ಲವೆಂದು ದಿಗಂಬರ ಪರಂಪರೆ; ಯಶೋದೆಯನ್ನು ವಿವಾಹವಾಗಿ ಪ್ರಿಯದರ್ಶನಾ ಎಂಬ ಮಗಳನ್ನು ಪಡೆದಿದ್ದರೆಂದು ಶ್ವೇತಾಂಬರ ಪರಂಪರೆ. ಅಕ್ಷರದಲ್ಲಿ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಬಹುದು, ಈಗ ಹೇಳಿದಂತೆ. ಮನೆಬಿಟ್ಟು ಹೊರಟ ರಾಜಕುಮಾರನ ಚಿತ್ರದಲ್ಲಿ ಬಾಗಿಲ ಬಳಿ ಪತ್ನಿ ನಿಂತಿರುತ್ತಾಳೆ, ಇಲ್ಲವೆ ನಿಂತಿರುವುದಿಲ್ಲ. ಅನೇಕಾಂತವನ್ನು ಬೋಧಿಸಿದ ಮಹಾಪುರುಷನ ಚರಿತೆಯೇ ಚಿತ್ರದಲ್ಲಿ ಏಕಾಂತವಾಗುವುದು ಸಣ್ಣ ವಿಷಯವಲ್ಲ. ಆದ್ದರಿಂದಲೇ ಚಿತ್ರದ ಪಕ್ಕದಲ್ಲಿರುವ ಎರಡು ಸಾಲಿನ ಬರಹಕ್ಕೆ ದೊಡ್ಡವರ ಗ್ರಂಥದ ಪುಟಕ್ಕಿಂತ ಹೆಚ್ಚಿನ ಹೊಣೆಯಿದೆ. ಚಿತ್ರ ಆಡಲಾರದ ‘ಸ್ಯಾತ್’ ಅನ್ನು ಅದು ಆಡಬೇಕು. ಆ ಎರಡು ಸಾಲನ್ನೇ ಪ್ರಕಾಶಕರು ಮೊದಲು ಕತ್ತರಿಸುತ್ತಾರೆಂಬುದು ಬೇರೆ ಮಾತು.

ದಿಗಂಬರ ಮುನಿಯನ್ನು ಚಿತ್ರಿಸುವಾಗ ಸೊಂಟದ ಎದುರಿಗೆ ಒಂದು ಗಿಡವನ್ನೋ ಜಿಂಕೆಯನ್ನೋ ತಂದು ನಿಲ್ಲಿಸುವ ವಾಡಿಕೆಯನ್ನೂ ಇಲ್ಲಿಯೇ ನೋಡಬೇಕು. ಬಾಹುಬಲಿಯ ತೊಡೆತೋಳುಗಳನ್ನು ಸುತ್ತಿದ ಮಾಧವೀಲತೆ ಇರುವುದು ಮರೆಮಾಡುವುದಕ್ಕಲ್ಲ. ಎಷ್ಟು ಕಾಲ ನಿಂತಿದ್ದನೆಂದು ತೋರಿಸುವುದಕ್ಕೆ. 2018ರ ಮಹಾಮಸ್ತಕಾಭಿಷೇಕದಲ್ಲಿ ತಂದೆಯ ಹೆಗಲೇರಿ ಆ ಮೂರ್ತಿಯನ್ನು ನೋಡಿದ ಯಾವ ಮಗುವೂ ನಾಚಿಕೊಳ್ಳಲಿಲ್ಲ. ಪುಸ್ತಕದಲ್ಲಿ ಪೊದೆಯನ್ನು ಕಂಡಾಗಲೇ ಅಲ್ಲಿ ನಾಚಿಕೊಳ್ಳುವಂಥದು ಏನೋ ಇದೆಯೆಂದು ಅದು ಕಲಿಯುತ್ತದೆ. ಆಕಳನ್ನು ಕುದುರೆಯೆನ್ನುವ ಮೂರನೆಯ ಅಸತ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ: ನಿರ್ಗ್ರಂಥತೆಯನ್ನು ಲಜ್ಜೆಯೆಂದು ತೋರಿಸಿದಂತಾಯಿತು.

ನಿಜವಾಗಿಯೂ ಕಠಿಣವಾದದ್ದು ಚಂದ್ರಗುಪ್ತನ ಕೊನೆಯ ಪುಟ. ಮೌರ್ಯ ಸಾಮ್ರಾಟನು ಭದ್ರಬಾಹುಗಳೊಡನೆ ದಕ್ಷಿಣಕ್ಕೆ ಬಂದು ಕಟವಪ್ರದಲ್ಲಿ ಸಲ್ಲೇಖನವನ್ನು ಕೈಗೊಂಡನೆಂದು ಪರಂಪರೆ ಹೇಳುತ್ತದೆ; ಸುಮಾರು ಕ್ರಿ.ಶ. 600ರ ಅಲ್ಲಿಯ ಶಾಸನವು ಭದ್ರಬಾಹುಗಳನ್ನೂ ಪ್ರಭಾಚಂದ್ರರನ್ನೂ ಹೆಸರಿಸುತ್ತದೆ. ಆ ಪ್ರಭಾಚಂದ್ರನೇ ಚಂದ್ರಗುಪ್ತನೆಂಬ ವಿಷಯದಲ್ಲಿ ಇತಿಹಾಸಕಾರರಿಗೆ ಏಕಾಭಿಪ್ರಾಯವಿಲ್ಲ. ಇಷ್ಟನ್ನು ಮಕ್ಕಳಿಗೆ ಹೇಳುವುದು ಕಷ್ಟವಲ್ಲ. ಆದರೆ ಆಹಾರವನ್ನು ಕ್ರಮವಾಗಿ ತ್ಯಜಿಸಿ ದೇಹವನ್ನು ಬಿಡುವ ವ್ರತವನ್ನು ಎಂಟು ವರ್ಷದ ಮಗುವಿಗೆ ಚಿತ್ರದಲ್ಲಿ ತೋರಿಸಬಹುದೆ? 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತು, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿದ ಮೇಲೆ ಈ ವಿಷಯದಲ್ಲಿ ಬರೆಯುವವರ ಕೈ ನಡುಗುವುದು ಸಹಜ. ಇಲ್ಲಿ ಸಮಂತಭದ್ರರ ಎಚ್ಚರಿಕೆ ನೇರವಾಗಿ ಅನ್ವಯಿಸುತ್ತದೆ. ಅರೆಬರೆ ತಿಳಿದ ಮಗು ಹಟಕ್ಕೆ ಊಟ ಬಿಡುವುದನ್ನೂ ವ್ರತವೆಂದು ಭಾವಿಸಿದರೆ ಆ ಸತ್ಯವು ವಿಪತ್ತಾದಂತೆಯೇ. ಹಾಗೆಂದು ‘ಚಂದ್ರಗುಪ್ತನು ಬೆಟ್ಟಕ್ಕೆ ಹೋಗಿ ಶಾಂತಿಯಿಂದಿದ್ದನು’ ಎಂದು ಮುಗಿಸುವುದು ಚಂದ್ರಗಿರಿಯ ನೂರಾರು ವರ್ಷಗಳ ನಿಷಿಧಿಗಳನ್ನು ಬಟ್ಟೆ ಹೊದಿಸಿ ಮುಚ್ಚಿದಂತೆ. ಚಿಕ್ಕವರ ಪುಸ್ತಕವು ರಾಜ್ಯತ್ಯಾಗದೊಂದಿಗೆ ನಿಲ್ಲಬಹುದು. ಹದಿಮೂರು ಹದಿನಾಲ್ಕರ ಮಕ್ಕಳ ಪುಸ್ತಕವು, ವ್ರತವನ್ನು ಯಾರು, ಯಾವ ಅವಸ್ಥೆಯಲ್ಲಿ, ಯಾರ ಅನುಮತಿಯಿಂದ ಕೈಗೊಳ್ಳಬಹುದೆಂಬುದನ್ನು ವಿವರಿಸದೆ ಮುಗಿಯಬಾರದು. ಮಗು ಬಸದಿಯ ಮೆಟ್ಟಿಲ ಮೇಲೆ ಕುಳಿತು ಅಜ್ಜಿಯನ್ನು ಕೇಳುವ ಪ್ರಶ್ನೆಗೆ ಅಜ್ಜಿಯೇ ಉತ್ತರಿಸುವುದು ಎರಡಕ್ಕಿಂತಲೂ ಮೇಲು.

ಮಹಾಪುರುಷರ ದೋಷಗಳನ್ನು ಹೇಳಿದರೆ ಮಕ್ಕಳ ಶ್ರದ್ಧೆ ಕೆಡುತ್ತದೆಂಬ ಭಯಕ್ಕೆ ಪ್ರಾಚೀನ ಆಚಾರ್ಯರಲ್ಲಿ ಆಸ್ಪದವಿರಲಿಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣವು ಭಗವಾನ್ ಮಹಾವೀರರ ಪೂರ್ವಭವಗಳನ್ನು ಹೇಳುವಾಗ ಯಾವುದನ್ನು ಮರೆಮಾಡಿದೆ? ಭರತ ಚಕ್ರವರ್ತಿಯ ಮಗನಾಗಿ, ಆದಿನಾಥರ ಮೊಮ್ಮಗನಾಗಿ ಹುಟ್ಟಿದ ಮರೀಚಿಯು ದೀಕ್ಷೆಯ ಕಷ್ಟವನ್ನು ತಾಳಲಾರದೆ ಮಿಥ್ಯಾಮತವನ್ನು ಹರಡಿದನು. ಆ ಜೀವವೇ ತ್ರಿಪೃಷ್ಠ ವಾಸುದೇವನಾಗಿ ಭೋಗದಲ್ಲಿ ಮುಳುಗಿ ನರಕಕ್ಕೆ ಇಳಿಯಿತು. ಮುಂದೆ ಸಿಂಹವಾಗಿ ಹುಟ್ಟಿ, ಜಿಂಕೆಯನ್ನು ಕೊಂದು ತಿನ್ನುತ್ತಿದ್ದಾಗ ಆಕಾಶದಿಂದ ಇಳಿದ ಚಾರಣ ಮುನಿಗಳು ಅದಕ್ಕೆ ಧರ್ಮವನ್ನು ಬೋಧಿಸಿದರು. ತೀರ್ಥಂಕರನಾಗಲಿರುವ ಜೀವದ ಬಾಯಲ್ಲಿ ಬೇಟೆಯ ರಕ್ತವಿದೆಯೆಂದು ಬರೆಯಲು ಆಚಾರ್ಯರು ಅಂಜಲಿಲ್ಲ. ಸಿಂಹವನ್ನು ಮೊದಲಿಂದಲೂ ಹುಲ್ಲು ತಿನ್ನುತ್ತಿತ್ತೆಂದು ಬರೆದಿದ್ದರೆ ಮುನಿಗಳು ಆಕಾಶದಿಂದ ಇಳಿಯುವ ಅಗತ್ಯವೇ ಬೀಳುತ್ತಿರಲಿಲ್ಲ. ಆಧುನಿಕ ಪುಸ್ತಕಗಳು ಈ ಭಾಗವನ್ನು ಬಿಟ್ಟು, ತಾಯಿ ಕಂಡ ಶುಭಸ್ವಪ್ನಗಳಿಂದಲೇ ಚರಿತೆಯನ್ನು ಆರಂಭಿಸುತ್ತವೆ. ಮಗುವಿಗೆ ದೊರೆಯುವುದು ಹುಟ್ಟಿನಿಂದಲೇ ಪರಿಪೂರ್ಣನಾದ ರಾಜಕುಮಾರ. ಅವನನ್ನು ಪೂಜಿಸಬಹುದೇ ಹೊರತು ಅವನ ಹಿಂದೆ ಒಂದು ಹೆಜ್ಜೆಯನ್ನೂ ಇಡಲಾಗದು. ನೆನ್ನೆ ತಮ್ಮನನ್ನು ಹೊಡೆದ ಹುಡುಗನಿಗೆ ಮರೀಚಿ ಬೇಕು, ಸಿಂಹ ಬೇಕು.

ಟ್ರಸ್ಟುಗಳು ಇಂತಹ ಪುಸ್ತಕಗಳನ್ನು ಸಾವಿರ ಪ್ರತಿಗಳಲ್ಲಿ ಅಚ್ಚು ಹಾಕಿಸುವಾಗ ಬಣ್ಣ, ಕಾಗದ, ದಾನಿಗಳ ಭಾವಚಿತ್ರಗಳ ವಿಷಯದಲ್ಲಿ ಎರಡು ಸಭೆಗಳನ್ನು ನಡೆಸುತ್ತವೆ. ಹಸ್ತಪ್ರತಿಯನ್ನು ಶಾಸನ ಬಲ್ಲವರೊಬ್ಬರಿಗೂ ಪಾಠಶಾಲೆಯ ಶಿಕ್ಷಕಿಯೊಬ್ಬರಿಗೂ ಓದಿಸುವುದಕ್ಕೆ ಮೂರನೆಯ ಸಭೆಯೊಂದು ಸಾಕು. ದಾನಿಯ ಭಾವಚಿತ್ರವು ಒಳಪುಟದಲ್ಲಿ ಮಹಾವೀರರ ಚಿತ್ರಕ್ಕಿಂತ ದೊಡ್ಡದಾಗಿರುವ ಉದಾಹರಣೆಗಳೂ ಇಲ್ಲದಿಲ್ಲ.

ದಾನಿಗಳ ವಿಷಯದಲ್ಲಿ ವಿಂಧ್ಯಗಿರಿಯ ಹಿರಿಯರು ಬೇರೆ ರೀತಿಯಲ್ಲಿ ನಡೆದುಕೊಂಡರು. ಚಾವುಂಡರಾಯನು ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕವು ಗೊಮ್ಮಟನ ಪಾದವನ್ನು ಮುಟ್ಟಲಿಲ್ಲವೆಂದೂ, ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲು ಮುಡಿಯಿಂದ ಅಡಿಯವರೆಗೆ ಹರಿದು ಅವನ ಗರ್ವ ಇಳಿಯಿತೆಂದೂ ಕಥೆ. ಅಷ್ಟು ದೊಡ್ಡ ಮೂರ್ತಿಯನ್ನು ಕೊಟ್ಟವನ ಸೋಲನ್ನು ಅವರು ಮರೆಯಲಿಲ್ಲ, ಮಕ್ಕಳಿಂದ ಮುಚ್ಚಿಡಲೂ ಇಲ್ಲ. ಗುಳ್ಳಕಾಯಜ್ಜಿಯನ್ನು ಕಲ್ಲಿನಲ್ಲಿಯೇ ಕಡೆಯಿಸಿ, ಕೈಯಲ್ಲಿ ಗುಳ್ಳಕಾಯಿಯೊಂದಿಗೆ, ಗೊಮ್ಮಟನಿಗೆ ಎದುರಾಗಿ ಬಾಗಿಲಲ್ಲಿ ನಿಲ್ಲಿಸಿದರು. ಬೆಟ್ಟವೇರಿ ಬರುವ ಮಕ್ಕಳು ಇಂದಿಗೂ ಮೊದಲು ಕೇಳುವುದು ಅವಳು ಯಾರೆಂದು.